ಪದ ನೂರ ಎಂಬತ್ತೆರಡು: ರಿಲಕ್ಟೆಂಟ್

ಮಾರ್ಚ್ ೪

‘ವಾರಕ್ಕೊಂದು ಪದ’ದ ಸಮಸ್ತ ಚಂದಾದಾರರಿಗೆ,

ಕಳೆದ ವಾರ ಕಳಿಸಿದ ಪದವನ್ನು ನೀವೆಲ್ಲರೂ ಮರೆತಿದ್ದೀರಿ ಎಂಬ ದೃಢ ನಂಬಿಕೆಯಿಂದ ಈ ವಾರದ ಪದವನ್ನು ಕಳಿಸುತ್ತಿದ್ದೇನೆ.

ಪದ: ರಿಲಕ್ಟೆಂಟ್. ಅರ್ಥ: ಮನಸ್ಸಿಲ್ಲದ ಮನಸ್ಸಿನ.

ಬಳಕೆ: ಇದನ್ನು ‘ಒಲ್ಲೆ’ ಎನ್ನುವವರಿಗೆ ಬಳಸಬೇಡಿ. ಒಲ್ಲೆ ಎನ್ನುವವನು ಹಾಸಿಗೆಯಿಂದ ಏಳುವುದೇ ಇಲ್ಲ. ರಿಲಕ್ಟೆಂಟ್ ಆದವನು ಏಳುತ್ತಾನೆ, ಆಕಳಿಸುತ್ತಾನೆ, ಚಪ್ಪಲಿ ಹುಡುಕುತ್ತಾನೆ, ಒಂದು ಸಿಕ್ಕರೆ ಇನ್ನೊಂದು ಸಿಗದಿರಲಪ್ಪಾ ಎಂದು ಹಾರೈಸುತ್ತಾನೆ, ಅದೂ ಸಿಕ್ಕಿದ ಮೇಲೆ ಬೇರೆ ದಾರಿಯಿಲ್ಲದೆ ಹೋಗಿಯೇ ಹೋಗುತ್ತಾನೆ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಸಾಲಾಗಿ ಕುಳಿತ ಮನುಷ್ಯಕುಲವೆಲ್ಲ ರಿಲಕ್ಟೆಂಟ್.

ಎಚ್ಚರಿಕೆ: ಕಲಿಯುವವರು ಈ ಪದವನ್ನು ಮನಸ್ಸು ಇರುವವರಿಗೆ ಮಾತ್ರ ಬಳಸತಕ್ಕದ್ದು. ಬಾಗಿಲು, ಮೇಜು, ಕೊಡೆ ಮುಂತಾದವಕ್ಕೆ ಮನಸ್ಸಿಲ್ಲ. ಆದ್ದರಿಂದ ಮನಸ್ಸಿಲ್ಲದ ಮನಸ್ಸೂ ಇಲ್ಲ.

ಉದಾಹರಣೆ ಒಂದು: ಅವನು ಬಾಯಿ ತೆರೆದ, ಆದರೆ ತೆರೆಯಲು ರಿಲಕ್ಟೆಂಟ್ ಆಗಿದ್ದ. (ಹಲ್ಲಿನ ಡಾಕ್ಟರ ಬಳಿ.)

ಉದಾಹರಣೆ ಎರಡು: ‘ಶಿ ಲೆಫ್ಟ್, ಬಟ್ ಶಿ ವಾಸ್ ರಿಲಕ್ಟೆಂಟ್ ಟು ಗೋ.’ ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟು ಅವಳು ಹೊರಟಳು. ಹೋಗಲು ಮನಸ್ಸಿರಲಿಲ್ಲ, ಬಾಗಿಲಲ್ಲಿ ಮೂರು ಸಲ ತಿರುಗಿ ನೋಡಿದಳು.

ನಮ್ಮ ಕಚೇರಿಯ ನಿಯಮದಂತೆ ಇವು ಕಟ್ಟಿದ ವಾಕ್ಯಗಳಲ್ಲ, ಕಂಡ ವಾಕ್ಯಗಳು. ಕಂಡು ಬರೆದವರು: ಸಂಗ್ರಾಹಕರು ಸಂಖ್ಯೆ ೪೧.

ಇತಿ, ಸಂಪಾದಕ

*

ಮಾರ್ಚ್ ೧೯

ಪದದ ಮೇಷ್ಟ್ರಿಗೆ ನಮಸ್ಕಾರ.

ನಾನು ಇಸ್ತ್ರಿ ಅಂಗಡಿಯವಳು. ಇಂಗ್ಲಿಷ್ ಕಲಿತು ಯಾವ ರಾಜ್ಯ ಆಳುತ್ತೀಯಾ ಎಂದು ಬೀದಿಯವರೆಲ್ಲ ಕೇಳಿದ್ದಾರೆ, ನೀವು ಕೇಳುವ ಮೊದಲೇ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಕೋಟಿನ ಕತ್ತಿನ ಪಟ್ಟಿಯಲ್ಲಿ ‘ಇಸ್ತ್ರಿ ಮಾಡಬೇಡಿ’ ಎಂದು ಇಂಗ್ಲಿಷಿನಲ್ಲಿ ಇತ್ತಂತೆ. ನಾನು ಅದನ್ನು ಕಂಪನಿಯ ಹೆಸರು ಎಂದುಕೊಂಡೆ. ಕೋಟು ನನ್ನ ಕಣ್ಣೆದುರೇ ಮುದುರಿ ಮೂರು ವರ್ಷದ ಮಗುವಿನ ಅಳತೆಗೆ ಬಂತು. ಅವತ್ತೇ ನಿಮಗೆ ಚಂದಾ ಕಳಿಸಿದೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಎರಡನೆಯ ಉದಾಹರಣೆ ಬರೆದವರು ಎಲ್ಲಿ ನಿಂತು ನೋಡಿದರು?

ಹನ್ನೊಂದು ವರ್ಷದ ಹಿಂದೆ ನನ್ನ ತಂಗಿ ಹಾಗೇ ಹೋದಳು. ಈ ಅಂಗಡಿಯನ್ನು ನಾವಿಬ್ಬರೇ ನಡೆಸುತ್ತಿದ್ದದ್ದು. ಮಧ್ಯಾಹ್ನ ಒಂದು ಗಂಟೆ. ಸಣ್ಣದೊಂದು ಮಾತಿಗೆ ಮಾತು ಬೆಳೆಯಿತು. ನಾನು ಬಾಗಿಲಿಗೆ ಬೆನ್ನು ಹಾಕಿ ನಿಂತೆ. ಅವಳು ಪೆಟ್ಟಿಗೆ ಮೇಜಿನ ಮೇಲೇ ಬಿಟ್ಟು ಹೋದಳು. ಮೇಜಿಗೆ ಹೊದಿಸಿದ ಕಂಬಳಿಯಲ್ಲಿ ಅದರ ಸುಟ್ಟ ಗುರುತು ಈಗಲೂ ಇದೆ. ಕಂಬಳಿ ಬದಲಾಯಿಸಲು ನನಗೆ ಕೈ ಬಂದಿಲ್ಲ. ಸಂಜೆ ಬರುತ್ತಾಳೆ ಎಂದುಕೊಂಡೆ. ಆಮೇಲೆ ನಾನು ಹುಡುಕದ ಆಸ್ಪತ್ರೆಯಿಲ್ಲ, ಕೇಳದ ಠಾಣೆಯಿಲ್ಲ.

ಅವಳು ತಿರುಗಿ ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ತಿರುಗಲಿಲ್ಲ. ಮೂರು ಸಲ ಎಂದು ನಿಮ್ಮವರು ಎಣಿಸಿಯೇ ಬರೆದಿದ್ದಾರೆ. ಅವರ ವಿಳಾಸ ಕೊಡಿ. ಅವಳು ಎಲ್ಲಿದ್ದಾಳೆ ಎಂದು ಕೇಳುವ ಧೈರ್ಯ ನನಗೆ ಉಳಿದಿಲ್ಲ. ಖುಷಿಯಿಂದ ಹೋದಳೇ, ರಿಲಕ್ಟೆಂಟ್ ಆಗಿ ಹೋದಳೇ, ಅಷ್ಟು ತಿಳಿದರೆ ಸಾಕು.

ಇನ್ನೊಂದು ಸಂದೇಹ. ನಮ್ಮ ಅಂಗಡಿಯ ಬಾಗಿಲು ಅಂದಿನಿಂದ ಪೂರ್ತಿ ಮುಚ್ಚುವುದಿಲ್ಲ, ನಾಲ್ಕು ಬೆರಳು ಸಂದು ಬಿಡುತ್ತದೆ. ಬಡಗಿ ಮೂರು ಸಲ ಬಂದು ಕೆತ್ತಿದ, ಉಜ್ಜಿದ. ಕೊನೆಗೆ, “ಅಕ್ಕಾ, ಮರದಲ್ಲಿ ಏನೂ ದೋಷ ಇಲ್ಲ. ಇದಕ್ಕೆ ಮುಚ್ಚೋಕೆ ಮನಸ್ಸಿಲ್ಲ, ಅಷ್ಟೇ” ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದ. ಬಾಗಿಲಿಗೆ ಬಳಸಬಾರದು ಎಂದು ನೀವು ಬರೆದಿದ್ದೀರಿ. ಬಡಗಿಗೆ ಇಂಗ್ಲಿಷ್ ಬರುವುದಿಲ್ಲ, ಕ್ಷಮಿಸಿಬಿಡಿ.

ಇತಿ, ಇಸ್ತ್ರಿ ಅಂಗಡಿಯ ಅಕ್ಕ (ಎಲ್ಲರೂ ಹಾಗೇ ಕರೆಯುವುದು)

*

ಮಾರ್ಚ್ ೨೬

ಇಸ್ತ್ರಿ ಅಂಗಡಿಯ ಅಕ್ಕನವರಿಗೆ,

ಮೊದಲಿಗೆ, ನಾನು ಮೇಷ್ಟ್ರಲ್ಲ. ಮೇಷ್ಟ್ರಿಗೆ ಬೇಸಿಗೆ ರಜೆ ಇರುತ್ತದೆ. ನನಗಿರುವುದು ಎರಡು ಕಿಟಕಿಯ ಒಂದು ಕೋಣೆ. ಆ ಎರಡರಲ್ಲಿ ಒಂದಕ್ಕೆ ಬೀರು ಅಡ್ಡ ನಿಂತಿದೆ. ಬೀರುವಿನ ತುಂಬ ಉದ್ದನೆಯ ಡ್ರಾಯರುಗಳು, ಡ್ರಾಯರಿನ ತುಂಬ ಅಂಗೈ ಅಗಲದ ಚೀಟಿಗಳು. ನಮಗೆ ನಲವತ್ತು ಮಂದಿ ಸಂಗ್ರಾಹಕರಿದ್ದಾರೆ: ನಿವೃತ್ತ ಅಂಚೆಯವರು, ದಾದಿಯರು, ಒಬ್ಬ ಬಸ್ ಕಂಡಕ್ಟರ್. ಅವರು ಬೀದಿಯಲ್ಲೋ ಮನೆಯಲ್ಲೋ ಒಂದು ಪದಕ್ಕೆ ತಕ್ಕ ಪ್ರಸಂಗ ಕಂಡರೆ ಅದನ್ನು ಒಂದು ವಾಕ್ಯ ಮಾಡಿ, ಕೆಳಗೆ ತಮ್ಮ ಸಂಖ್ಯೆ ಹಾಕಿ ಕಳಿಸುತ್ತಾರೆ. ವಾಕ್ಯವನ್ನು ಮನಸ್ಸಿನಿಂದ ಕಟ್ಟುವುದು ನಮ್ಮಲ್ಲಿ ಮಹಾಪರಾಧ. “ಕಟ್ಟಿದ ವಾಕ್ಯ ಕಟ್ಟಿದ ಹಲ್ಲಿದ್ದ ಹಾಗೆ. ನಗೋಕೆ ಆಗುತ್ತೆ, ಕಚ್ಚೋಕೆ ಆಗಲ್ಲ” ಎಂದು ನಮ್ಮ ದೊಡ್ಡ ಸಂಪಾದಕರು ವಾರಕ್ಕೆರಡು ಬಾರಿ ಹೇಳುತ್ತಾರೆ. ಅವರಿಗೆ ಕಟ್ಟಿದ ಹಲ್ಲಿದೆ.

ಮಂದಿ ನಲವತ್ತಾದರೆ ನಲವತ್ತೊಂದು ಯಾರು ಎಂದು ನೀವು ಕೇಳಬಹುದು. ಅವರು ಹೊಸಬರು. ಸದ್ಯಕ್ಕೆ ಪ್ರವಾಸದಲ್ಲಿದ್ದಾರೆ. ಸಂಗ್ರಾಹಕರ ವಿಳಾಸ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಬಿಸಿ ಪೆಟ್ಟಿಗೆ ಬಿಟ್ಟು ಹೋಗುವುದು ಬಹಳ ಮನೆಗಳಲ್ಲಿ ನಡೆಯುವ ಸಂಗತಿ. ಅವರು ಕಂಡದ್ದು ಬೇರೆ ಯಾರನ್ನೋ ಇರಬೇಕು. ನಿಮ್ಮ ತಂಗಿಯವರ ವಿಷಯ ಓದಿ ನಿಜವಾಗಿ ನೋವಾಯಿತು.

ಬಡಗಿಯನ್ನು ಕ್ಷಮಿಸಿದ್ದೇನೆ.

ಇಸ್ತ್ರಿ ಎಂದಾಗ ನೆನಪಾಯಿತು. ನನ್ನ ಬಳಿ ಇರುವುದು ಒಂದೇ ಒಳ್ಳೆಯ ಬಿಳಿ ಅಂಗಿ. ಫೆಬ್ರವರಿಯಲ್ಲಿ ಅದನ್ನು ನಾನೇ ಒತ್ತಲು ಹೋಗಿ ಬೆನ್ನ ಮೇಲೆ ಪೆಟ್ಟಿಗೆಯಾಕಾರದ ಕಂದು ಕಲೆ ಮಾಡಿಕೊಂಡೆ. ಅದನ್ನೇ ಹಾಕಿಕೊಂಡು ಬಂದಾಗ ದೊಡ್ಡ ಸಂಪಾದಕರು, “ಏನಯ್ಯಾ, ಬೆನ್ನ ಮೇಲೆ ದೋಣಿ ಹೊತ್ತುಕೊಂಡು ಯಾವ ಹೊಳೆ ದಾಟೋಕೆ ಹೊರಟೆ?” ಎಂದರು. ಆ ಕಲೆ ಹೋಗುವುದುಂಟೇ?

ಇತಿ, ಸಂಪಾದಕ

*

ಏಪ್ರಿಲ್ ೧೧

ಮೇಷ್ಟ್ರೇ,

ಅಂಗಿ ಕಳಿಸಿ, ನೋಡೋಣ. ಬರೀ ಕಂದು ಬಣ್ಣಕ್ಕೆ ತಿರುಗಿದ್ದರೆ ಹೋಗುತ್ತದೆ, ಕರಕಲಾಗಿದ್ದರೆ ನಿಮ್ಮ ಹಣೆಬರಹ.

ಅಲ್ಲ, ನಿಮ್ಮ ಪ್ರವಾಸಿಗರು ಇಲ್ಲಿಗೇ ಬರುತ್ತಿದ್ದಾರೆ ಎಂದು ಒಂದು ಗೆರೆ ಮೊದಲೇ ಬರೆಯಬಾರದಿತ್ತೇ? ಮುಖ ತೊಳೆದುಕೊಂಡು ಕೂತಿರುತ್ತಿದ್ದೆ.

ನನ್ನ ಅಂಗಡಿಯಲ್ಲಿ ನಲವತ್ತು ಹಿತ್ತಾಳೆ ಬಿಲ್ಲೆಗಳಿವೆ, ನಲವತ್ತು ಕೊಕ್ಕೆ. ಬಟ್ಟೆ ಕೊಟ್ಟವರಿಗೆ ಒಂದು ಬಿಲ್ಲೆ, ಅದೇ ಸಂಖ್ಯೆಯ ಕೊಕ್ಕೆಗೆ ಅವರ ಬಟ್ಟೆ. ಹೋದ ಮಂಗಳವಾರ ಊಟಕ್ಕೆ ಒಳಗೆ ಹೋಗಿ ಬರುವಷ್ಟರಲ್ಲಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಒಂದು ಕಂದು ಉಣ್ಣೆಯ ಕೋಟು ಮಡಿಸಿಟ್ಟಿತ್ತು. ಬೀದಿಯಲ್ಲಿ ಯಾರೂ ಇಲ್ಲ. ಕಾಲರಿಗೆ ಒಂದು ಬಟ್ಟೆಯ ಚೂರು ಸೂಜಿ ಹಾಕಿ ಸಿಕ್ಕಿಸಿತ್ತು. ಅದರ ಮೇಲೆ ಶಾಯಿಯಲ್ಲಿ ೪೧.

ಒತ್ತುವ ಮೊದಲು ಜೇಬು ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಬೀಗದ ಕೈ, ಬಾಚಣಿಗೆ, ಒಮ್ಮೆ ಬ್ಯಾಂಕಿನ ಗುಮಾಸ್ತರ ಜೇಬಿನಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು ಸಿಕ್ಕಿತ್ತು. ಈ ಕೋಟಿನಲ್ಲಿ ಸಿಕ್ಕಿದ್ದು ಅಂಗೈ ಅಗಲದ ಒಂದು ಚೀಟಿ. ನೀವು ಹೇಳಿದ ಹಾಗೇ ಇದೆ: ಮೇಲೆ ಪದ, ನಡುವೆ ವಾಕ್ಯ, ಕೆಳಗೆ ಸಂಖ್ಯೆ. ಇದರೊಂದಿಗೆ ಇಟ್ಟಿದ್ದೇನೆ. ವಾಕ್ಯ ಇದು:

‘ಅಕ್ಕ ಹೋಗು ಎಂದಳು. ಹಾಗೆನ್ನಲು ಅವಳೂ ರಿಲಕ್ಟೆಂಟ್ ಆಗಿದ್ದಳು.’

ಮೇಷ್ಟ್ರೇ, ನಾನು ‘ಹೋಗು’ ಎಂದದ್ದು ಈ ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು. ನಿಮಗೂ ನಾನು ಅದನ್ನು ಬರೆದಿರಲಿಲ್ಲ. ಮಾತಿಗೆ ಮಾತು ಬೆಳೆಯಿತು ಎಂದಷ್ಟೇ ಬರೆದಿದ್ದೆ.

ಕೋಟನ್ನು ಒತ್ತಿ ಇಟ್ಟಿದ್ದೇನೆ. ಕೊಕ್ಕೆ ಇಲ್ಲದ್ದರಿಂದ ಬಾಗಿಲಿನ ಮೊಳೆಗೆ ತೂಗುಹಾಕಿದ್ದೇನೆ. ಬಾಗಿಲ ಸಂದಿಯಿಂದ ಗಾಳಿ ಬಂದರೆ ತೋಳು ಸ್ವಲ್ಪ ಎತ್ತುತ್ತದೆ.

ಇತಿ, ಅಕ್ಕ

*

ಏಪ್ರಿಲ್ ೧೭

ಅಕ್ಕನವರಿಗೆ,

ಚೀಟಿ ತಲುಪಿತು. ಅಕ್ಷರ ನನಗೆ ಪರಿಚಯದ್ದು. ಅದಕ್ಕಿಂತ ಹೆಚ್ಚು ಸದ್ಯಕ್ಕೆ ಹೇಳಲಾರೆ.

ಇದು ಯಾರೋ ಮಾಡುತ್ತಿರುವ ತಮಾಷೆ ಎಂದು ನನ್ನ ಅಂದಾಜು. ತಮಾಷೆ ಮಾಡುವುದೇ ನನ್ನ ಕಸುಬಾದ್ದರಿಂದ ಇದರಲ್ಲಿ ತಮಾಷೆ ಎಲ್ಲಿದೆ ಎಂದು ಬಹಳ ಹುಡುಕಿದೆ. ಸಿಗಲಿಲ್ಲ.

ಕೋಟು ಕೇಳಲು ಯಾರಾದರೂ ಬಂದರೆ ಅವರ ಮುಖ ಹೇಗಿದೆ, ವಯಸ್ಸೆಷ್ಟು, ಎತ್ತರವೆಷ್ಟು ಎಂದು ದಯವಿಟ್ಟು ಬರೆಯಿರಿ. ಕೋಟನ್ನು ಬಾಗಿಲಿನ ಮೊಳೆಯಿಂದ ತೆಗೆದು ಬೇರೆ ಎಲ್ಲಾದರೂ ಇಡಿ.

ಅಂಗಿ ಕಳಿಸಲು ಮರೆತೆ.

ಸಂಪಾದಕ

*

ಮೇ ೨

ಮೇಷ್ಟ್ರೇ,

ಯಾರೂ ಬಂದಿಲ್ಲ. ಬಟ್ಟೆ ಒತ್ತುವವರಿಗೆ ಮುಖ ಬೇಕಾಗಿಯೂ ಇಲ್ಲ. ಕೋಟನ್ನು ಮೇಜಿನ ಮೇಲೆ ಹರಡಿ ನೋಡಿದ್ದೇನೆ, ಬರೆದುಕೊಳ್ಳಿ.

ಕೋಟು ಗಂಡಸಿನದು, ಹಾಕಿಕೊಳ್ಳುವವರು ಗಂಡಸಲ್ಲ. ಹೆಗಲು ಕಿರಿದು ಮಾಡಲು ಒಳಗೆ ಕೈಹೊಲಿಗೆ ಹಾಕಿದ್ದಾರೆ. ಎಡ ಮೊಣಕೈ ಸವೆದು ಜಾಳಾಗಿದೆ, ಬಲ ಮೊಣಕೈ ಹೊಸದರ ಹಾಗಿದೆ. ಎಡ ತೋಳಿನ ಅಂಚಿನಲ್ಲಿ ಶಾಯಿಯ ಕಲೆ. ಹಾಗಾದರೆ ಮೇಜಿನ ಮೇಲೆ ಮೊಣಕೈ ಊರಿ, ಎಡಗೈಯಲ್ಲಿ, ಬಹಳ ಕಾಲ ಬರೆದವರು.

ಎಂಟು ದಿನದ ಹಿಂದೆ ಇನ್ನೊಂದು ನಡೆಯಿತು. ಬ್ಯಾಂಕಿನ ಗುಮಾಸ್ತರು ಶರಟು ತೆಗೆದುಕೊಂಡು ಹೋಗಲು ಬಂದರು. ಇವರು ಮಡಿಕೆಯನ್ನು ಬೆಳಕಿಗೆ ಹಿಡಿದು ನೋಡುವ ಪೈಕಿ.

“ಏನಕ್ಕಾ, ಕೈ ಬದಲಾಯಿಸಿದ್ರಾ?”

“ಯಾಕ್ರೀ, ಸುಟ್ಟಿದೀನಾ?”

“ಸುಟ್ಟಿಲ್ಲ. ತೋಳಿನ ಗೆರೆ ನೋಡಿ, ಆ ಕಡೆ ವಾಲಿದೆ. ಹಿಂದೆ ನಿಮ್ಮ ತಂಗಿ ಒತ್ತುತಿದ್ರಲ್ಲ, ಆಗ ಹೀಗೇ ಇರ್ತಿತ್ತು. ನಾನೇ ಬಂದು ಜಗಳ ಮಾಡಿದ್ದೆ, ನೆನಪಿದೆಯಾ?” ಎಂದು ನಕ್ಕರು.

ನೆನಪಿದೆಯಾ ಎಂದು ಕೇಳುತ್ತಾರೆ.

ಆ ನಾಲ್ಕು ಶರಟುಗಳನ್ನು ನಾನು ಒತ್ತಿರಲಿಲ್ಲ ಮೇಷ್ಟ್ರೇ. ಊಟಕ್ಕೆ ಎದ್ದಾಗ ಬುಟ್ಟಿಯಲ್ಲಿ ಒದ್ದೆ ಮುದ್ದೆಯಾಗಿದ್ದವು. ಬಂದಾಗ ಮಡಿಸಿ ಇಟ್ಟಿದ್ದವು. ವಯಸ್ಸಾಯಿತು, ಒತ್ತಿ ಮರೆತಿರಬೇಕು ಎಂದುಕೊಂಡಿದ್ದೆ. ಅಂದಿನಿಂದ ದಿನಾ ನಾಲ್ಕೈದು ಬಟ್ಟೆ ಹಾಗೇ ಆಗುತ್ತಿವೆ, ಮಧ್ಯಾಹ್ನ ಒಂದರಿಂದ ಒಂದೂವರೆಯೊಳಗೆ.

ನಿನ್ನೆ ಕೋಟಿನ ಜೇಬಿನಲ್ಲಿ ಇನ್ನೊಂದು ಚೀಟಿ ಇತ್ತು. ಜೇಬನ್ನು ನಾನೇ ಬರಿದು ಮಾಡಿದ್ದೆ. ‘ಅವಳು ಬೀದಿಯ ತಿರುವಿನವರೆಗೆ ಹಿಂದಿರುಗಿ ಬಂದಳು. ಅಂಗಡಿಯ ಒಳಗೆ ಬರಲು ಮಾತ್ರ ರಿಲಕ್ಟೆಂಟ್ ಆಗಿದ್ದಾಳೆ.’

ನಲವತ್ತೊಂದನೆಯವರು ಯಾರು? ಗಂಡಸೋ ಹೆಂಗಸೋ, ಅಷ್ಟಾದರೂ ಹೇಳಿ. ಈ ಸಲ ಪ್ರವಾಸ ಗಿವಾಸ ಎಂದರೆ ನಾನು ಒಪ್ಪುವವಳಲ್ಲ.

ಅಕ್ಕ

*

ಮೇ ೯

ಅಕ್ಕಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ನಲವತ್ತೊಂದನೆಯವರು ಗಂಡಸೂ ಅಲ್ಲ, ಹೆಂಗಸೂ ಅಲ್ಲ. ಅವರು ಇಲ್ಲ. ಅವರನ್ನು ನಾನು ಹುಟ್ಟಿಸಿದೆ.

ಫೆಬ್ರವರಿ ಕೊನೆಯ ವಾರ ರಿಲಕ್ಟೆಂಟ್ ಪದದ ಡ್ರಾಯರು ತೆರೆದರೆ ಒಳಗೆ ಒಂದು ಚೀಟಿಯೂ ಇರಲಿಲ್ಲ. ನಲವತ್ತು ಮಂದಿಯಲ್ಲಿ ಒಬ್ಬರಿಗೂ ಆ ಪದಕ್ಕೆ ಬರೆಯುವ ಮನಸ್ಸು ಬಂದಿರಲಿಲ್ಲ. ಅಚ್ಚಿನ ಮನೆಯವರು ಬಾಗಿಲಲ್ಲಿ ಕಾದಿದ್ದರು, ಅವರ ಹಿಂದೆ ದೊಡ್ಡ ಸಂಪಾದಕರು. ನಾನು ಖಾಲಿ ಚೀಟಿ ತೆಗೆದು ಎರಡು ವಾಕ್ಯ ಕಟ್ಟಿದೆ. ಹಲ್ಲು ನೋಯುತ್ತಿತ್ತು, ಅದೊಂದು ವಾಕ್ಯವಾಯಿತು. ಅಂದು ಬೆಳಿಗ್ಗೆ ಅಂಗಿ ಸುಟ್ಟುಕೊಂಡಿದ್ದೆ, ಅದು ಇನ್ನೊಂದಾಯಿತು. ಹೊರಟವಳು ಯಾರೂ ಇಲ್ಲ. ಬಾಗಿಲೂ ಇಲ್ಲ. ಮೂರು ಸಲ ಏಕೆಂದರೆ, ಎರಡು ಎಂದರೆ ಕಡಿಮೆ ಎನಿಸಿತು, ನಾಲ್ಕು ಎಂದರೆ ನಾಟಕವಾಗುತ್ತಿತ್ತು. ನಿಮ್ಮ ಹನ್ನೊಂದು ವರ್ಷದ ಪ್ರಶ್ನೆಗೆ ನನ್ನ ಉತ್ತರ ಹುಟ್ಟಿದ್ದು ಹೀಗೆ. ಇದನ್ನು ಮಾರ್ಚಿನಲ್ಲೇ ಹೇಳಬೇಕಿತ್ತು. ಕೆಲಸ ಹೋಗುತ್ತದೆ ಎಂದು ಹೆದರಿದೆ.

ದೊಡ್ಡವರಿಗೆ ನನ್ನ ಅಕ್ಷರ ಗುರುತು ಸಿಗದಿರಲಿ ಎಂದು ಆ ಚೀಟಿಗಳನ್ನು ಎಡಗೈಯಲ್ಲಿ ಬರೆದಿದ್ದೆ. ನೀವು ಕಳಿಸಿದ ಚೀಟಿಯ ಅಕ್ಷರ ನನ್ನ ಎಡಗೈಯದು, ಆದರೆ ನನ್ನದಕ್ಕಿಂತ ಬಹಳ ಚೆನ್ನಾಗಿದೆ. ನನ್ನದು ಅಭ್ಯಾಸವಿಲ್ಲದ ಕೈ.

ಇದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾನು ಡ್ರಾಯರಿನಲ್ಲಿ ಇಟ್ಟದ್ದು ಎರಡು ಚೀಟಿ. ಇವತ್ತು ತೆರೆದು ಎಣಿಸಿದೆ. ಹದಿನೇಳು ಇವೆ, ಎಲ್ಲದರ ಕೆಳಗೂ ೪೧. ಹಲ್ಲಿನ ಡಾಕ್ಟರನ್ನು ಬಿಟ್ಟರೆ ಉಳಿದ ಹದಿನಾರೂ ಒಂದು ಇಸ್ತ್ರಿ ಅಂಗಡಿಯ ಬಗ್ಗೆ. ದೊಡ್ಡ ಸಂಪಾದಕರು ನಿನ್ನೆ ಅವನ್ನು ಓದಿ, “ಯಾರಯ್ಯಾ ಈ ನಲವತ್ತೊಂದು? ನಮ್ಮಲ್ಲಿ ಕಣ್ಣಿರೋದು ಇವರೊಬ್ಬರಿಗೇ” ಎಂದರು. ನಾನು ನಕ್ಕೆ. ಆ ನಗುವಿಗೆ ಯಾವ ಪದ ಬಳಸಬೇಕೋ ನನ್ನ ಬೀರುವಿನಲ್ಲಿ ಇಲ್ಲ.

ಬೈಯಿರಿ. ಬೈಯಲು ಅನುಕೂಲವಾಗಲಿ ಎಂದು ಅಂಗಿಯನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಎಲ್ಲ ಶುರುವಾದದ್ದು ಅದರಿಂದಲೇ.

ಸಂಪಾದಕ

*

ಜೂನ್ ೨೦

ಮೇಷ್ಟ್ರೇ,

ನಿಮ್ಮ ಕಾಗದ ಓದಿದ ದಿನ ಅದನ್ನು ಪೆಟ್ಟಿಗೆಯ ಅಡಿಗೆ ಇಡಬೇಕೆನ್ನಿಸಿತು. ಆರು ವಾರ ಬರೆಯಲಿಲ್ಲ. ಅಂಗಿಯನ್ನೂ ಬುಟ್ಟಿಯ ತಳಕ್ಕೆ ಹಾಕಿದೆ.

ನೀವು ಸುಳ್ಳು ಹೇಳಿದ್ದಕ್ಕೆ ಬಂದ ಸಿಟ್ಟು ಬಹಳ ದಿನ ಉಳಿಯಲಿಲ್ಲ. ನಾನೂ ನಿಮಗೆ ಒಂದು ಸಣ್ಣ ಮಾತು ಎಂದು ಬರೆದಿದ್ದೆನಲ್ಲ, ಅದು ನೆನಪಾಯಿತು. ನಿಮ್ಮ ಎಡಗೈಯ ವಿಷಯ ಓದಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ.

ನನ್ನ ತಂಗಿ ಎಡಚಿ. ಬಲಗೈಯವರು ಒತ್ತಿದರೆ ತೋಳಿನ ಗೆರೆ ಒಂದು ಕಡೆ ವಾಲುತ್ತದೆ, ಎಡಗೈಯವರು ಒತ್ತಿದರೆ ಇನ್ನೊಂದು ಕಡೆ. ಹಾಕಿಕೊಳ್ಳುವ ಸಾವಿರ ಮಂದಿಯಲ್ಲಿ ಒಬ್ಬನಿಗೂ ತಿಳಿಯುವುದಿಲ್ಲ. ನಮ್ಮ ಗುಮಾಸ್ತರಿಗೆ ತಿಳಿಯಿತು. ಅವಳು ಹೋದ ದಿನ ಬೆಳಗ್ಗೆ ಅವರು ಬಂದು ಎಲ್ಲರೆದುರು ಕೂಗಾಡಿದರು. ಅವರು ಹೋದ ಮೇಲೆ ನಾನು ಅಳತೆ ಪಟ್ಟಿ ತೆಗೆದು ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿದೆ.

“ಇವತ್ತಿಂದ ಬಲಗೈಲಿ ಒತ್ತು.”

“ಬರಲ್ಲ ಅಕ್ಕ.”

“ಬರಿಸ್ಕೋ.”

“ಈ ಕೈ ಏನು ತಪ್ಪು ಮಾಡಿದೆ ಹೇಳು, ಅದನ್ನೇ ಕೇಳಿ ಬಿಡ್ತೀನಿ” ಎಂದು ನಗಿಸಲು ನೋಡಿದಳು. ನಾನು ನಗಲಿಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ಬಲಗೈಯಲ್ಲಿ ಒತ್ತಿದಳು. ಎರಡು ಸಲ ಬೆರಳು ಸುಟ್ಟುಕೊಂಡಳು. ಒಂದು ಗಂಟೆಗೆ ಪಟ್ಟಿ ಬಿಚ್ಚಿಕೊಂಡು ಪೆಟ್ಟಿಗೆಯನ್ನು ಎಡಗೈಗೆ ತೆಗೆದುಕೊಂಡಳು. ಆಗ ನಾನು, “ಆ ಕೈ ಬೇಕು ಅಂದ್ರೆ ಅದನ್ನ ತಗೊಂಡು ಹೋಗು” ಎಂದು ತಿರುಗಿ ನಿಂತೆ. ಕಂಬಳಿಯ ಸುಟ್ಟ ಗುರುತು ಮೇಜಿನ ಎಡ ತುದಿಯಲ್ಲಿದೆ. ಇಷ್ಟು ವರ್ಷದಿಂದ ಬಟ್ಟೆ ಹೊದಿಸಿ ಮುಚ್ಚಿಟ್ಟಿದ್ದೆ.

ನಲವತ್ತೊಂದು ಇಲ್ಲ ಎನ್ನುತ್ತೀರಿ. ಮೇಷ್ಟ್ರೇ, ಇಲ್ಲದವರ ಮೊಣಕೈ ಸವೆಯುವುದಿಲ್ಲ. ನೀವು ಒಂದು ಖಾಲಿ ಕುರ್ಚಿ ಹಾಕಿದಿರಿ. ಯಾರೋ ಬಂದು ಕೂತರು. ಅಷ್ಟೇ ನನಗೆ ಅರ್ಥವಾದದ್ದು.

ಈಗ ದಿನಾ ಮಧ್ಯಾಹ್ನ ನಾನು ಊಟಕ್ಕೆ ಒಳಗೆ ಹೋಗುವುದಿಲ್ಲ. ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ಪೆಟ್ಟಿಗೆಯನ್ನು ಮೇಜಿನ ಎಡ ತುದಿಗೆ ಇಡುತ್ತೇನೆ. ಒಂದು ಗಂಟೆಗೆ ಹೆಜ್ಜೆ ಕೇಳಿಸುತ್ತದೆ. ಹೊಸ್ತಿಲ ತನಕ ಬರುತ್ತದೆ, ನಿಲ್ಲುತ್ತದೆ. ಹೋಗುತ್ತದೆ. ಮತ್ತೆ ಬರುತ್ತದೆ. ಮೂರು ಸಲ. ನಾಲ್ಕನೆಯ ಸಲ ಬರುವುದಿಲ್ಲ. ಪೆಟ್ಟಿಗೆ ಆರಿಸುತ್ತೇನೆ, ಆದರೂ ಮೇಜು ಬಿಸಿಯಾಗೇ ಇರುತ್ತದೆ.

ನನಗೆ ಹೆದರಿಕೆ. ಸುಳ್ಳೇಕೆ. ತಿರುಗಿದಾಗ ಯಾರೂ ಇಲ್ಲದಿದ್ದರೆ ಎಂದು ಒಂದು ಹೆದರಿಕೆ, ಇದ್ದರೆ ಎಂದು ಇನ್ನೊಂದು.

ಅದಕ್ಕೇ ಒಂದು ಮಾತು ಕೇಳಬೇಕು. ರಿಲಕ್ಟೆಂಟ್ ಆದವರು ಕಾಲೆಳೆದುಕೊಂಡಾದರೂ ಕೊನೆಗೆ ಮಾಡಿಯೇ ಮಾಡುತ್ತಾರೆ ಎಂದು ನೀವು ಮಾರ್ಚಿನಲ್ಲಿ ಬರೆದಿರಿ. ಚಪ್ಪಲಿಯ ಕಥೆ. ಅದನ್ನೂ ಕಟ್ಟಿದಿರಾ, ಅಥವಾ ಅದು ನಿಜವೇ? ನಿಮ್ಮ ಉತ್ತರ ಬಂದ ದಿನ ಮಧ್ಯಾಹ್ನ ತಿರುಗುತ್ತೇನೆ. ಬರದಿದ್ದರೆ ತಿರುಗುವುದಿಲ್ಲ.

ಅಕ್ಕ

*

ಜೂನ್ ೩೦

ಅಕ್ಕಾ,

ನಿಮ್ಮ ಕಾಗದ ಬಂದು ಆರು ದಿನವಾಯಿತು. ಉತ್ತರ ಬರೆಯದಿದ್ದರೆ ನೀವು ತಿರುಗುವುದಿಲ್ಲ, ಏನೂ ಆಗುವುದಿಲ್ಲ, ಎಲ್ಲರೂ ಕ್ಷೇಮ ಎಂದು ಆರು ದಿನ ನನಗೆ ನಾನೇ ಹೇಳಿಕೊಂಡೆ. ಆರು ದಿನವೂ ರಿಲಕ್ಟೆಂಟ್ ಪದದ ಡ್ರಾಯರು ತಾನಾಗಿ ನಾಲ್ಕು ಬೆರಳು ತೆರೆದುಕೊಂಡಿತ್ತು. ಮುಚ್ಚಿದರೆ ಮುಚ್ಚುವುದಿಲ್ಲ. ಬಡಗಿಯ ಮಾತನ್ನು ನಾನು ಅಷ್ಟು ಬೇಗ ಕ್ಷಮಿಸಬಾರದಿತ್ತು, ಒಪ್ಪಿಕೊಳ್ಳಬೇಕಿತ್ತು.

ವಾಕ್ಯದ ವಿಷಯದಲ್ಲಿ ಸುಳ್ಳು ಹೇಳಿದೆ. ಪದದ ವಿಷಯದಲ್ಲಿ ಹೇಳಿಲ್ಲ. ಒಲ್ಲೆ ಎನ್ನುವವರು ಬರುವುದೇ ಇಲ್ಲ. ಬಾಗಿಲ ತನಕ ಬಂದು ನಿಂತು, ಹೋಗಿ, ಮತ್ತೆ ಬರುವವರು ಕೊನೆಗೆ ಬಂದೇ ಬರುತ್ತಾರೆ. ಆ ಪದದ ಅರ್ಥವೇ ಅದು. ಅದಕ್ಕೆ ನಾನು ಜವಾಬ್ದಾರ.

ತಿರುಗುವಾಗ ನಿಧಾನವಾಗಿ ತಿರುಗಿ.

ಸಂಪಾದಕ

*

ಆಗಸ್ಟ್ ೩

ಅಕ್ಕನವರಿಗೆ, ಮತ್ತು ತಂಗಿಯವರಿಗೆ,

ಇಬ್ಬರನ್ನೂ ಸೇರಿಸಿ ಬರೆಯುತ್ತಿರುವುದು ಇದೇ ಮೊದಲು. ತಪ್ಪಾಗಿದ್ದರೆ ತಿದ್ದಿ.

ಜುಲೈ ಪೂರ್ತಿ ನಿಮ್ಮಿಂದ ಕಾಗದವಿಲ್ಲ. ನಾನು ಮೂರು ಬರೆದೆ, ಮೂರಕ್ಕೂ ಉತ್ತರವಿಲ್ಲ. ಬೇರೇನೂ ಮಾಡಲು ತೋಚದೆ ದೊಡ್ಡ ಸಂಪಾದಕರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ನಲವತ್ತೊಂದನೆಯವರು ಇಲ್ಲ ಸ್ವಾಮಿ, ನಾನೇ ಹುಟ್ಟಿಸಿದೆ ಎಂದೆ. ಅವರು ಹಲ್ಲು ಸರಿಮಾಡಿಕೊಂಡರು.

“ಇಲ್ಲದವರು ವಾರಕ್ಕೆ ಐದು ಚೀಟಿ ಕಳಿಸ್ತಿದಾರೆ. ಇರೋ ನಲವತ್ತು ಜನ ಸೇರಿ ಎರಡು ಕಳಿಸ್ತಾರೆ. ಈಗ ಯಾರನ್ನ ಕೆಲಸದಿಂದ ತೆಗೀಬೇಕು, ನೀನೇ ಹೇಳಯ್ಯಾ” ಎಂದರು. ನನ್ನ ಕೆಲಸ ಉಳಿಯಿತು. ಅದರಿಂದ ಸಂತೋಷವಾಗಬೇಕಿತ್ತು.

ಇವತ್ತು ಬೆಳಿಗ್ಗೆ ಪಾರ್ಸೆಲ್ ಬಂತು. ಒಳಗೆ ನನ್ನ ಬಿಳಿ ಅಂಗಿ. ಬೆನ್ನ ಮೇಲಿನ ದೋಣಿ ಹೋಗಿದೆ. ಅಲ್ಲಿ ಕಲೆ ಇತ್ತೆಂದು ಪ್ರಮಾಣ ಮಾಡಿದರೂ ಯಾರೂ ನಂಬುವುದಿಲ್ಲ. ಕಾಗದವೇನೂ ಇರಲಿಲ್ಲ. ಅಂಗಿಯನ್ನು ಇದ್ದ ಒಂದೇ ಕಿಟಕಿಯ ಬೆಳಕಿಗೆ ಹಿಡಿದೆ, ನಿಮ್ಮ ಗುಮಾಸ್ತರ ಹಾಗೆ. ಬಲ ತೋಳಿನ ಗೆರೆ ಒಂದು ಕಡೆ ವಾಲಿದೆ. ಎಡ ತೋಳಿನ ಗೆರೆ ಇನ್ನೊಂದು ಕಡೆ.

ನೀವು ಕಲಿಸಿದ ಮೊದಲ ಪಾಠದಂತೆ ಜೇಬು ನೋಡಿದೆ. ಒಂದು ಚೀಟಿ ಇತ್ತು:

‘ಅಕ್ಕ ತಿರುಗಿದಳು. ತಿರುಗಲು ರಿಲಕ್ಟೆಂಟ್ ಆಗಿದ್ದಳು.’

ಕೆಳಗೆ ಎಡಗೈಯ ಅಕ್ಷರದಲ್ಲಿ ೪೧. ಅದರ ಪಕ್ಕದಲ್ಲಿ, ಐದು ತಿಂಗಳಿಂದ ನಾನು ಓದುತ್ತಿರುವ ನಿಮ್ಮ ದುಂಡನೆಯ ಅಕ್ಷರದಲ್ಲಿ, ೪೨.

ಅಕ್ಕಾ, ಈ ನಲವತ್ತೆರಡನ್ನು ನಾನು ಹುಟ್ಟಿಸಿಲ್ಲ. ನೀವು ಅಂಗಡಿಯಲ್ಲೇ ಇದ್ದೀರೋ, ಬೀದಿಯ ತಿರುವಿನಲ್ಲಿದ್ದೀರೋ, ನನ್ನ ಡ್ರಾಯರಿನ ಸಂದಿಯಲ್ಲಿದ್ದೀರೋ ತಿಳಿಯುವುದಿಲ್ಲ. ಕೇಳುವ ಧೈರ್ಯವಿಲ್ಲ. ಚೀಟಿಯನ್ನು ದೊಡ್ಡವರಿಗೆ ತೋರಿಸದೆ ಡ್ರಾಯರಿಗೆ ಹಾಕಿದೆ. ಜೂನಿನಿಂದ ತೆರೆದೇ ಇದ್ದ ಡ್ರಾಯರು ತಾನಾಗಿ ಪೂರ್ತಿ ಮುಚ್ಚಿಕೊಂಡಿತು.

ಅಂಗಿ ಹಾಕಿಕೊಳ್ಳಲು ಮನಸ್ಸಿರಲಿಲ್ಲ. ಹಾಕಿಕೊಂಡಿದ್ದೇನೆ. ನಿಮ್ಮ ಊರಿನಿಂದ ಇಲ್ಲಿಗೆ ಅಂಚೆಗೆ ನಾಲ್ಕು ದಿನ. ಅಂಗಿಯ ಎರಡು ತೋಳೂ ಇನ್ನೂ ಬೆಚ್ಚಗಿವೆ.

ಇತಿ,
ನಿಮ್ಮ ಮೇಷ್ಟ್ರು